ಮರದ ತುಂಡುಗಳ ಸಮರ

ಚದುರಂಗ ನಮ್ಮ ದೇಶದ ಆಟ. ಆನೆ, ಕುದುರೆ, ರಥ, ಪದಾತಿ ಎಂಬ ನಾಲ್ಕು ಅಂಗಗಳ ಸೈನ್ಯವನ್ನೇ ಮಣೆಯ ಮೇಲೆ ಹೂಡುವ ಆಟ ಅದು. ಆದರೆ ನಿಜವಾದ ಯುದ್ಧಕ್ಕೂ ಅದಕ್ಕೂ ಒಂದು ದೊಡ್ಡ ಅಂತರವುಂಟು. ಚದುರಂಗದಲ್ಲಿ ಎದುರಾಳಿಯ ಕಾಯಿಗಳೆಲ್ಲ ನಮ್ಮ ಕಣ್ಣೆದುರಿಗೇ ಇರುತ್ತವೆ. ರಣರಂಗದ ಸೇನಾಪತಿಗೆ ಆ ಭಾಗ್ಯವಿಲ್ಲ. ಗುಡ್ಡದ ಆಚೆಗೆ ಇರುವುದು ಹತ್ತು ಸಾವಿರ ಜನವೋ, ಬರಿಯ ಧೂಳೋ ಅವನಿಗೆ ತಿಳಿಯದು.

ಈ ಅಜ್ಞಾನವನ್ನು ಆಟದೊಳಕ್ಕೆ ತರುವ ಸುಲಭೋಪಾಯವೊಂದು 1972ರಲ್ಲಿ ಕೆನಡದಲ್ಲಿ ಪ್ರಕಟವಾದ ‘ಕ್ವಿಬೆಕ್ 1759’ ಎಂಬ ಆಟದಿಂದ ಬಳಕೆಗೆ ಬಂತು. ಇಂಥ ಆಟಗಳಲ್ಲಿ ಕಾಯಿಗಳೆಂದರೆ ಚೌಕನೆಯ ಮರದ ತುಂಡುಗಳು. ದಳದ ಗುರುತು ಒಂದು ಮುಖದ ಮೇಲೆ ಮಾತ್ರ ಇರುತ್ತದೆ. ಆ ಮುಖವನ್ನು ತನ್ನ ಕಡೆಗೆ ಮಾಡಿ ನಿಲ್ಲಿಸಿಕೊಂಡರೆ, ಎದುರು ಕುಳಿತವನಿಗೆ ಕಾಣುವುದು ಬರಿಯ ಮರ. ಗುರುತಿನ ಸುತ್ತಲೂ ಅಂಚುಗಳಲ್ಲಿ ಅಂಕಿಗಳಿರುತ್ತವೆ. ಮೇಲಂಚಿಗೆ ಬಂದ ಅಂಕಿಯೇ ಆ ದಳದ ಬಲ. ಪೆಟ್ಟು ಬಿದ್ದಾಗ ತುಂಡನ್ನು ಕಾಲು ಸುತ್ತು ಹೊರಳಿಸಿದರೆ ಬಲ ಇಳಿಯಿತೆಂದು ಅರ್ಥ.

ಇದಕ್ಕೆ ಮುಂದೆ ಎಲೆಗಳು ಸೇರಿಕೊಂಡವು. ಅಮೆರಿಕದ ಸ್ವಾತಂತ್ರ್ಯ ಸಮರವನ್ನು ಕುರಿತು ಮಾರ್ಕ್ ಹರ್ಮನ್ ರಚಿಸಿದ ‘ವಿ ದ ಪೀಪಲ್’ ಎಂಬ ಆಟ 1993ರಲ್ಲಿ ಈ ದಾರಿಯನ್ನು ತೆರೆಯಿತು. ಆ ಬಳಿಕ ಬಂದ ಅನೇಕ ಆಟಗಳಲ್ಲಿ ಒಂದೇ ಎಲೆಗೆ ಎರಡು ಉಪಯೋಗ. ಅದರಿಂದ ದಂಡನ್ನು ನಡೆಸಬಹುದು. ಇಲ್ಲವೆ ಅದರ ಮೇಲೆ ಬರೆದ ಘಟನೆಯನ್ನು ಆಗಗೊಡಬಹುದು. ಎರಡೂ ಬೇಕೆಂದರೆ ಆಗದು. ಅರಸನ ಬೊಕ್ಕಸದಂತೆ ಕೈಯಲ್ಲಿರುವ ಎಲೆಗಳೂ ಎಣಿಕೆಯವು.

ಮರದ ತುಂಡು ಮತ್ತು ಎಲೆ, ಈ ಎರಡಕ್ಕೂ ಹೇಳಿಮಾಡಿಸಿದಂಥದು ಯೂರೋಪಿನ ಏಳು ವರ್ಷಗಳ ಯುದ್ಧ. 1740ರಲ್ಲಿ ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕ್ ಆಸ್ಟ್ರಿಯದ ಮರಿಯಾ ತೆರೇಸಾಳಿಂದ ಸೈಲೀಷಿಯ ಪ್ರಾಂತವನ್ನು ಕಸಿದುಕೊಂಡಿದ್ದ. ಅದನ್ನು ಮರಳಿ ಪಡೆಯುವ ಛಲ ಅವಳದು. 1756ರ ಆಗಸ್ಟಿನಲ್ಲಿ ಫ್ರೆಡರಿಕ್ ತಾನೇ ಮುಂದಾಗಿ ಸ್ಯಾಕ್ಸನಿಯ ಮೇಲೆ ಬಿದ್ದ. ಆಸ್ಟ್ರಿಯ, ಫ್ರಾನ್ಸ್, ರಷ್ಯ, ಸ್ವೀಡನ್ ಅವನ ವಿರುದ್ಧ ಒಂದಾದವು. ಅವನ ರಾಜ್ಯದ ಜನಸಂಖ್ಯೆಯಾದರೋ ಸುಮಾರು 45 ಲಕ್ಷ.

1757ರ ಡಿಸೆಂಬರ್ 5ರಂದು ಲಾಯ್ಟನ್ ಎಂಬ ಹಳ್ಳಿಯ ಬಳಿ ಫ್ರೆಡರಿಕನ ಸುಮಾರು 35,000 ಜನ ಆಸ್ಟ್ರಿಯದ ಸುಮಾರು 65,000 ಜನಕ್ಕೆ ಎದುರಾದರು. ಅವನು ಆಸ್ಟ್ರಿಯನರ ಬಲಪಕ್ಕಕ್ಕೆ ಏರಿಹೋಗುವಂತೆ ನಟಿಸಿದ. ಅವರ ಮೀಸಲು ಪಡೆ ಅತ್ತ ಸರಿಯಿತು. ಅಷ್ಟರಲ್ಲಿ ಅವನ ಮುಖ್ಯ ಸೈನ್ಯ ತಗ್ಗು ದಿಬ್ಬಗಳ ಮರೆಯಲ್ಲಿ ನಡೆದುಬಂದು ಎಡಪಕ್ಕದ ಮೇಲೆ ಎರಗಿತು. ಮರದ ತುಂಡಿನ ಬೆನ್ನು ಮಾಡುವ ಕೆಲಸವನ್ನು ಅಂದು ಆ ದಿಬ್ಬಗಳು ಮಾಡಿದವು.

ಆದರೆ ಜಾಣ್ಮೆಯೊಂದೇ ಸಾಲಲಿಲ್ಲ. 1759ರ ಆಗಸ್ಟ್ 12ರಂದು ಕೂನರ್ಸ್‌ಡಾರ್ಫಿನಲ್ಲಿ ಅವನ ಸುಮಾರು 50,000 ಜನರಲ್ಲಿ 19,000ದಷ್ಟು ಮಂದಿ ಸತ್ತು, ಗಾಯಗೊಂಡು, ಸೆರೆಸಿಕ್ಕು ಹೋದರು. ಬರ್ಲಿನ್ನಿನ ದಾರಿ ತೆರೆದಿತ್ತು. ಆದರೂ ಶತ್ರುಗಳು ಒಮ್ಮತಕ್ಕೆ ಬಾರದೆ ಮುಂದುವರಿಯಲಿಲ್ಲ. ತಮ್ಮನಿಗೆ ಬರೆದ ಕಾಗದದಲ್ಲಿ ಫ್ರೆಡರಿಕ್ ಇದನ್ನು ತನ್ನ ಮನೆತನಕ್ಕೊದಗಿದ ಪವಾಡವೆಂದೇ ಕರೆದ.

ಅದಕ್ಕಿಂತಲೂ ಹಿರಿಯ ಪವಾಡ 1762ರ ಜನವರಿಯಲ್ಲಿ ನಡೆಯಿತು. ರಷ್ಯದ ಸಾಮ್ರಾಜ್ಞಿ ಎಲಿಜಬೆತ್ ತೀರಿಕೊಂಡಳು. ಪಟ್ಟಕ್ಕೆ ಬಂದ ಮೂರನೆಯ ಪೀಟರ್ ಫ್ರೆಡರಿಕನ ಅಭಿಮಾನಿ. ಆ ವರ್ಷದ ಮೇ ತಿಂಗಳಲ್ಲಿಯೇ ಸಂಧಿ ಮಾಡಿಕೊಂಡ. ಜರ್ಮನಿಯಲ್ಲಿ 2004ರಲ್ಲಿ ಪ್ರಕಟವಾದ ‘ಫ್ರೀಡ್ರಿಷ್’ ಎಂಬ ಆಟದಲ್ಲಿ ಈ ಮರಣ ಒಂದು ವಿಧಿಯ ಎಲೆ. ಅದು ಎಂದು ಮೇಲೆ ಬರುವುದೋ ಯಾರೂ ಅರಿಯರು. ಬಂದೊಡನೆ ರಷ್ಯದ ಸೈನ್ಯ ಕಣದಿಂದ ಹಿಂದೆಗೆಯುತ್ತದೆ.

ಹಾಗಾದರೆ ಫ್ರೆಡರಿಕನನ್ನು ಉಳಿಸಿದ್ದು ಅದೃಷ್ಟವೇ? ಆಟ ಆಡಿದವರಿಗೆ ಉತ್ತರ ಸ್ಪಷ್ಟವಾಗುತ್ತದೆ. ವಿಧಿಯ ಎಲೆ ಬೀಳುವವರೆಗೆ ತುಂಡುಗಳು ಮಣೆಯ ಮೇಲೆ ನಿಂತಿರಬೇಕು. ಆ ಮೊದಲೇ ಎಲ್ಲವೂ ಉರುಳಿದ್ದರೆ ಎಲೆ ಬಂದೂ ಫಲವಿಲ್ಲ. ಸೋತ ಮೇಲೆಯೂ ನಿಲ್ಲುವುದು ಅವನ ಪಾಲು. ಉಳಿದದ್ದು ಕಾಲದ ಪಾಲು.

ಈ ಯುದ್ಧದ ಬಿಸಿ ನಮ್ಮವರೆಗೂ ತಟ್ಟಿತ್ತು. ಅದರ ಅಂಗವಾಗಿ ತಮಿಳುನಾಡಿನಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಕದನ ನಡೆದಾಗ, 1760ರಲ್ಲಿ ಮೈಸೂರಿನ ಹೈದರಾಲಿ ಫ್ರೆಂಚ್ ಸೇನಾಪತಿ ಲಾಲಿಯ ನೆರವಿಗೆ ದಂಡು ಕಳುಹಿಸಿದ. 1761ರ ಜನವರಿಯಲ್ಲಿ ಪಾಂಡಿಚೇರಿ ಇಂಗ್ಲಿಷರ ವಶವಾಯಿತು.

ಕೊನೆಗೆ 1763ರ ಫೆಬ್ರವರಿ 15ರಂದು ಹ್ಯೂಬರ್ಟಸ್‌ಬರ್ಗಿನಲ್ಲಿ ಪ್ರಷ್ಯವೂ ಆಸ್ಟ್ರಿಯವೂ ಸಂಧಿಗೆ ಸಹಿ ಹಾಕಿದವು. ಯೂರೋಪಿನಲ್ಲಿ ಯುದ್ಧಕ್ಕೆ ಮೊದಲು ಇದ್ದ ಗಡಿಗಳೇ ಉಳಿದವು. ಸೈಲೀಷಿಯ ಫ್ರೆಡರಿಕನಲ್ಲಿಯೇ ಉಳಿಯಿತು. ಅವನೇ ಹಾಕಿದ ಲೆಕ್ಕದಂತೆ ಪ್ರಷ್ಯದ ಸೈನಿಕರಲ್ಲಿ ಮಡಿದವರು ಸುಮಾರು 1,80,000.

ಯುದ್ಧವನ್ನು ಆಟವಾಗಿ ಆಡುವುದು ಸರಿಯೇ ಎಂದು ಕೆಲವರು ಕೇಳುವುದುಂಟು. ಗೆಲುವಿನ ಮದವನ್ನು ಹೆಚ್ಚಿಸುವ ಆಟ ಒಳ್ಳೆಯದಲ್ಲ. ಆದರೆ ಈ ಆಟ ಕಲಿಸುವುದು ಬೇರೆ. ಕಣ್ಣಿಗೆ ಕಾಣುವುದು ಕಡಿಮೆ, ಕೈಯಲ್ಲಿರುವುದು ಇನ್ನೂ ಕಡಿಮೆ ಎಂಬ ವಿನಯವನ್ನು ಅದು ಕಲಿಸುತ್ತದೆ. ತುಂಡನ್ನು ಕಾಲು ಸುತ್ತು ಹೊರಳಿಸುವಾಗ ಅಲ್ಲಿ ಸಾವಿರಾರು ಮನೆಗಳ ದೀಪ ಆರಿತ್ತೆಂಬುದನ್ನು ನೆನೆಯುವವನಿಗೆ, ಇದು ಚರಿತ್ರೆಯ ಒಳ್ಳೆಯ ಪಾಠವೇ ಸರಿ.