ಓಡುವ ಬಲ, ನಿಲ್ಲುವ ಬಲ

ನಳಚರಿತ್ರೆಯ ಒಂದು ಪ್ರಸಂಗ ನಿಮ್ಮಲ್ಲಿ ಬಹುಮಂದಿಗೆ ಗೊತ್ತಿರತಕ್ಕದ್ದೇ. ದಮಯಂತಿಯ ಎರಡನೆಯ ಸ್ವಯಂವರದ ಸುದ್ದಿಯನ್ನು ಕೇಳಿ, ಅಯೋಧ್ಯೆಯ ಅರಸ ಋತುಪರ್ಣನು ಒಂದೇ ದಿನದಲ್ಲಿ ವಿದರ್ಭವನ್ನು ಮುಟ್ಟಬೇಕೆಂದು ಹೊರಟ. ಸಾರಥಿಯಾಗಿದ್ದವನು ಬಾಹುಕನೆಂಬ ಹೆಸರಿನಲ್ಲಿದ್ದ ನಳ. ದಾರಿಯಲ್ಲಿ ಅರಸನ ಉತ್ತರೀಯ ಜಾರಿ ಬಿತ್ತು. ರಥವನ್ನು ನಿಲ್ಲಿಸೆಂದು ಅವನು ಹೇಳುವಷ್ಟರಲ್ಲಿ ಉತ್ತರೀಯ ಒಂದು ಯೋಜನದಷ್ಟು ಹಿಂದೆ ಉಳಿದಿತ್ತು. ಹರಿಕಥೆಯಲ್ಲಿ ಈ ಘಟ್ಟ ಬಂದಾಗ ನಾವೆಲ್ಲ ತಲೆದೂಗುತ್ತೇವೆ. ಆದರೆ ಸ್ವಲ್ಪ ಮುಂದೆ ಇನ್ನೊಂದು ಸಂಗತಿ ಉಂಟು. ತಾರೆಯ ಮರವೊಂದನ್ನು ಕಂಡು ಅದರಲ್ಲಿ ಇಷ್ಟು ಎಲೆ, ಇಷ್ಟು ಕಾಯಿ ಇವೆಯೆಂದು ಅರಸನು ಹೇಳಿದಾಗ, ಅದೇ ಬಾಹುಕನು ಅದೇ ರಥವನ್ನು ನಿಲ್ಲಿಸಿ, ಕೆಳಗಿಳಿದು, ಎಣಿಸಿ ನೋಡಿದನಷ್ಟೆ! ಅಂಥ ವೇಗವನ್ನು ಹಿಡಿದು ನಿಲ್ಲಿಸಿದ ಕೈಯನ್ನು ಮಾತ್ರ ಯಾರೂ ಹೊಗಳುವುದಿಲ್ಲ.

ಓಡಿಸುವುದಕ್ಕಿಂತ ನಿಲ್ಲಿಸುವುದು ದೊಡ್ಡ ವಿದ್ಯೆ ಎಂದು ನಾನು ಮೂವತ್ತು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಹೋದ ಬೇಸಗೆಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಅದೇ ಪಾಠವನ್ನು ನನಗೆ ತಿರುಗಿ ಒಪ್ಪಿಸಿದ. ಅವನು ಜರ್ಮನಿಯಲ್ಲಿ ಎಂಜಿನಿಯರು. ಭಾರಿ ಬಲದ ವಿದ್ಯುತ್ ಕಾರೊಂದನ್ನು ಕೊಂಡಿದ್ದಾನೆ. ಆ ದೇಶದಲ್ಲಿ ನ್ಯೂರ್‌ಬುರ್ಗ್‌ರಿಂಗ್ ಎಂಬ ಪಂದ್ಯದ ಹಾದಿ ಇದೆ. ಒಂದು ಸುತ್ತಿಗೆ 20.8 ಕಿಲೋಮೀಟರು, ಎಪ್ಪತ್ತಕ್ಕೂ ಹೆಚ್ಚು ತಿರುವು, ತಗ್ಗಿಗೂ ಉಬ್ಬಿಗೂ ಸುಮಾರು 300 ಮೀಟರು ಅಂತರ. ಗೊತ್ತಾದ ದಿನಗಳಲ್ಲಿ ಹಣ ತೆತ್ತವರು ಯಾರಾದರೂ ಅಲ್ಲಿ ತಮ್ಮ ಕಾರನ್ನು ಓಡಿಸಬಹುದು. ಇವನೂ ಹೋದ. ಎರಡನೆಯ ಸುತ್ತಿನಲ್ಲಿ, ಹಾದಿಯ ಅತ್ಯಂತ ತಗ್ಗಿನಲ್ಲಿರುವ ಬ್ರೈಡ್‌ಷೈಡ್ ಸೇತುವೆಯ ಕಡೆಗೆ ಇಳಿಯುತ್ತಿರುವಾಗ ಬ್ರೇಕನ್ನು ಒತ್ತಿದ.

"ಪೆಡಲು ಕಾಲ ಕೆಳಗೆ ಹಾಗೆಯೇ ಇಳಿದುಹೋಯಿತು, ಮೇಷ್ಟ್ರೇ. ಹಿಟ್ಟಿನ ಮುದ್ದೆಯನ್ನು ತುಳಿದಂತೆ" ಎಂದ.

ನಾಲ್ಕಾರು ಸಲ ಮೇಲಿಂದ ಮೇಲೆ ತುಳಿದಾಗ ಬ್ರೇಕು ಸ್ವಲ್ಪ ಹಿಡಿಯಿತಂತೆ. ಮೋಟಾರು ತಾನೂ ಕೊಂಚ ತಡೆಯಿತಂತೆ. ಸೇತುವೆ ದಾಟಿದ ಮೇಲೆ ಏರು ಸಿಕ್ಕಿ ಗಾಡಿ ಹತೋಟಿಗೆ ಬಂತು. ಹೆಂಡತಿಗೆ ಈ ಸಂಗತಿಯನ್ನು ಹೇಳಿಲ್ಲವೆಂದೂ ಸೇರಿಸಿದ. "ಏನಪ್ಪಾ, ಅಷ್ಟು ಬೆಲೆ ಕೊಟ್ಟು ಕೊಂಡ ಕಾರಿಗೆ ಒಳ್ಳೆಯ ಬ್ರೇಕು ಇರಲಿಲ್ಲವೇ?" ಎಂದು ಕೇಳಿದೆ. "ಒಳ್ಳೆಯದೇ ಇತ್ತು. ಊರಿಗೆ ಒಳ್ಳೆಯದು" ಎಂದ. ಆ ಮಾತಿನ ಅರ್ಥವನ್ನು ಬಿಡಿಸುವುದೇ ಈ ಹೊತ್ತಿನ ಭಾಷಣದ ಉದ್ದೇಶ.

ಎತ್ತಿನ ಗಾಡಿಗೂ ಬಿರಿ ಉಂಟು. ಘಾಟಿ ಇಳಿಯುವಾಗ ಮರದ ತುಂಡು ಚಕ್ರದ ಪಟ್ಟಿಗೆ ಒತ್ತಿ, ಉಜ್ಜಿ, ಹೊಗೆಯ ವಾಸನೆ ಬರುವುದನ್ನು ಹಿಂದಿನವರು ಬಲ್ಲರು. ಕಾರಿನ ಬ್ರೇಕಿನ ತತ್ತ್ವವೂ ಅದೇ. ಚಕ್ರದೊಡನೆ ತಿರುಗುವ ಕಬ್ಬಿಣದ ಬಿಲ್ಲೆಯೊಂದಿದೆ. ಅದಕ್ಕೆ ಡಿಸ್ಕು ಎನ್ನುತ್ತಾರೆ. ಅದನ್ನು ಎರಡು ಕಡೆಯಿಂದ ಪ್ಯಾಡುಗಳು ಇಕ್ಕಳದಂತೆ ಅಮುಕುತ್ತವೆ. ಓಟದ ಶಕ್ತಿಯೆಲ್ಲ ಉಷ್ಣವಾಗುತ್ತದೆ. ಬ್ರೇಕು ವೇಗವನ್ನು ನುಂಗಿಬಿಡುತ್ತದೆಂದು ನಾವು ಭಾವಿಸುತ್ತೇವೆ. ವಸ್ತುತಃ ಅದು ವೇಗವನ್ನು ಬೆಂಕಿಯಾಗಿ ಮಾರ್ಪಡಿಸುತ್ತದೆ, ಅಷ್ಟೆ.

ಆ ಬೆಂಕಿ ಎಷ್ಟು? ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರನ್ನು ಕೂರಿಸಿಕೊಂಡು ಲೆಕ್ಕ ಹಾಕಿಸಿದೆ. ಸಾರಥಿಯೂ ಸೇರಿ 2200 ಕಿಲೋಗ್ರಾಂ ತೂಗುವ ಕಾರು ಗಂಟೆಗೆ 200 ಕಿಲೋಮೀಟರು ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 34 ಲಕ್ಷ ಜೌಲು. ಈ ಸಂಖ್ಯೆ ನನ್ನಂಥವನಿಗೆ ಏನನ್ನೂ ಹೇಳದು. ಆದ್ದರಿಂದ ಅವರು ಹೀಗೆ ಬಿಡಿಸಿದರು: ಹತ್ತು ಲೀಟರು ತಣ್ಣೀರನ್ನು ಹಂಡೆಗೆ ತುಂಬಿ ಕುದಿಯುವ ತನಕ ಕಾಯಿಸಲು ಬೇಕಾದಷ್ಟು ಉಷ್ಣ. ಬಚ್ಚಲ ಒಲೆಗೆ ಅದು ಬಹಳ ಹೊತ್ತಿನ ಕೆಲಸ. ಬ್ರೇಕಿಗೆ ಆರು ಸೆಕೆಂಡಿನ ಕೆಲಸ. ಗಾಳಿಯ ತಡೆಯದೊಂದು ಸಣ್ಣ ಪಾಲನ್ನು ಕಳೆದರೆ ಮಿಕ್ಕುದೆಲ್ಲ ಬ್ರೇಕಿನ ಪಾಲಿಗೇ ಬೀಳುತ್ತದೆ. ಮುಂದಿನ ಎರಡು ಡಿಸ್ಕುಗಳು ತಲಾ 10 ಕಿಲೋಗ್ರಾಮಿನವೆಂದೂ, ಹೊರೆಯಲ್ಲಿ ನೂರಕ್ಕೆ ಎಪ್ಪತ್ತು ಪಾಲನ್ನು ಅವು ಹೊರುತ್ತವೆಂದೂ ಇಟ್ಟುಕೊಂಡರೆ, ಒಂದೇ ಸಲದ ನಿಲುಗಡೆಗೆ ಅವುಗಳ ಬಿಸಿ 200 ಡಿಗ್ರಿಗೂ ಮೇಲ್ಪಟ್ಟು ಏರುತ್ತದೆ. ಆರುವ ಮುನ್ನವೇ ಇನ್ನೊಂದು ತಿರುವು, ಮತ್ತೊಂದು ತಿರುವು.

ವೇಗ ಇಮ್ಮಡಿಯಾದರೆ ಈ ಉಷ್ಣ ನಾಲ್ಮಡಿಯಾಗುತ್ತದೆಂಬುದನ್ನು ನೆನಪಿಡಬೇಕು. ವಿದ್ಯುತ್ ಕಾರಿನ ಪೇಚು ಇಲ್ಲಿಯೇ ಇದೆ. ಬ್ಯಾಟರಿಯ ದೆಸೆಯಿಂದ ಅದರ ತೂಕ ಹೆಚ್ಚು. ಮೋಟಾರಿನ ದೆಸೆಯಿಂದ ಎರಡು ತಿರುವುಗಳ ನಡುವೆ ಅದು ಮುಟ್ಟುವ ವೇಗವೂ ಹೆಚ್ಚು. ಟೆಸ್ಲಾ ಕಂಪನಿಯ ಮಾಡೆಲ್ ಎಸ್ ಪ್ಲೇಡ್ ಎಂಬ ಕಾರಿಗೆ 1020 ಕುದುರೆಗಳ ಬಲ. ತೂಕ ಎರಡು ಟನ್ನಿಗೆ ಮೇಲೆ. ನಾಲ್ಕು ಜನರ ಸಂಸಾರ ಕುಳಿತು ಹೋಗುವ ಕಾರು ಅದು ಎಂಬುದನ್ನು ಮರೆಯಬೇಡಿ.

ಆದರೆ ವಿದ್ಯುತ್ ಕಾರು ಬ್ರೇಕನ್ನು ಸವೆಸುವುದೇ ಇಲ್ಲವೆಂದು ಕೇಳಿದ್ದೇವಲ್ಲ, ಎಂದು ನೀವು ಆಕ್ಷೇಪಿಸಬಹುದು. ಅದೂ ದಿಟವೇ. ವೇಗವನ್ನು ತಗ್ಗಿಸುವಾಗ ಮೋಟಾರು ಡೈನಮೋ ಆಗಿ ತಿರುಗಿ, ಓಟದ ಶಕ್ತಿಯನ್ನು ವಿದ್ಯುತ್ತಾಗಿ ಮಾಡಿ ಬ್ಯಾಟರಿಗೆ ಹಿಂದಿರುಗಿಸುತ್ತದೆ. ಪೋರ್ಷ ಕಂಪನಿಯವರು ತಮ್ಮ ಟೈಕಾನ್ ಕಾರಿನ ವಿಷಯದಲ್ಲಿ, ದಿನನಿತ್ಯದ ಓಡಾಟದ ನಿಲುಗಡೆಗಳಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಮೋಟಾರೇ ನಿರ್ವಹಿಸಬಲ್ಲದೆಂದು ಹೇಳುತ್ತಾರೆ. ಊರೊಳಗೆ ಡಿಸ್ಕು ಕೆಲಸವಿಲ್ಲದೆ ತುಕ್ಕು ಹಿಡಿಯುವುದೂ ಉಂಟು. ಇದನ್ನು ಮನಗಂಡೇ ಫೋಕ್ಸ್‌ವಾಗನ್ ಕಂಪನಿಯವರು ಐಡಿ.3, ಐಡಿ.4 ಕಾರುಗಳ ಹಿಂದಿನ ಚಕ್ರಗಳಿಗೆ ಮುಚ್ಚಿದ ಡ್ರಮ್ ಬ್ರೇಕನ್ನು ಮತ್ತೆ ತಂದರು. ಮಳೆ ಧೂಳುಗಳು ಒಳಗೆ ಸೇರಬಾರದೆಂಬುದು ಅದರ ಆಶಯ.

ಹೀಗೆ ಊರಿನಲ್ಲಿ ತುಕ್ಕು ಹಿಡಿಯುವ ಬ್ರೇಕೇ ಪಂದ್ಯದ ಹಾದಿಯಲ್ಲಿ ಸುಟ್ಟುಹೋಗುವುದೇಕೆ? ಕಾರಣಗಳು ಮೂರು. ಒಂದು: ತುಂಬಿದ ಕೊಡಕ್ಕೆ ನೀರು ಹಿಡಿಯದು, ಪೂರ್ತಿ ತುಂಬಿದ ಬ್ಯಾಟರಿಗೆ ವಿದ್ಯುತ್ತೂ ಹಿಡಿಯದು. ಪಂದ್ಯದ ಹಾದಿಗೆ ಹೊರಡುವವನು ಬ್ಯಾಟರಿಯನ್ನು ತುಂಬಿಸಿಕೊಂಡೇ ಹೊರಡುತ್ತಾನೆ. ಎರಡು: ಓಟದ ಭರದಲ್ಲಿ ಬ್ಯಾಟರಿ ತಾನೇ ಕಾದಿರುವಾಗ, ಅದನ್ನು ಕಾಪಾಡುವ ಸಲುವಾಗಿ ಯಂತ್ರವು ಒಳಹರಿವನ್ನು ತಗ್ಗಿಸುತ್ತದೆ. ಮೂರು, ಎಲ್ಲಕ್ಕಿಂತ ಮುಖ್ಯವಾದದ್ದು: ಹಿಂದೆ ಹೇಳಿದ ಕಾರು 200 ಕಿಲೋಮೀಟರು ವೇಗದಲ್ಲಿ ಬಲವಾಗಿ ಬ್ರೇಕು ಒತ್ತಿದ ಆ ಕ್ಷಣದಲ್ಲಿ ಹರಿಯುವ ಶಕ್ತಿ ಸುಮಾರು 1200 ಕಿಲೋವಾಟು. ಟೈಕಾನಿನ ಮೊದಲ ಮಾದರಿ ಹಿಂದಕ್ಕೆ ಪಡೆಯಬಲ್ಲದ್ದು ಹೆಚ್ಚೆಂದರೆ 265 ಕಿಲೋವಾಟು. 2024ರ ಸುಧಾರಿತ ಮಾದರಿ 400. ಮೂರರಲ್ಲೊಂದು ಪಾಲು ಎಂದಾಯಿತು. ಮಿಕ್ಕ ಎರಡು ಪಾಲು ಡಿಸ್ಕಿಗೇ ಸೇರಬೇಕು.

ಮೋಟಾರಿನಿಂದಲೇ ಬಹುಪಾಲು ನಿಲುಗಡೆ ಸಾಧ್ಯವೇ ಇಲ್ಲವೆಂದಲ್ಲ. 2023ನೆಯ ಫೆಬ್ರವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ಫಾರ್ಮುಲಾ ಇ ಪಂದ್ಯ ನಡೆಯಿತು. ಆ ಪಂದ್ಯದ ಕಾರುಗಳ ಹಿಂದಿನ ಚಕ್ರಗಳಿಗೆ ಎಂದಿನಂತೆ ಪೆಡಲಿನಿಂದ ಹಿಡಿಯುವ ಬ್ರೇಕನ್ನು ಇಟ್ಟೇ ಇರಲಿಲ್ಲ. ಮುಂದಿನ ಹಿಂದಿನ ಮೋಟಾರುಗಳೆರಡೂ ಸೇರಿ 600 ಕಿಲೋವಾಟನ್ನು ಹಿಂದಕ್ಕೆ ಪಡೆಯುವಂತೆ ರಚಿಸಿದ್ದರು. ಆದರೆ ಅವುಗಳ ತೂಕ ಸಾರಥಿ ಸಮೇತ 900 ಕಿಲೋಗ್ರಾಮಿಗಿಂತ ಕಡಿಮೆ. ಅಂಗಡಿಯಲ್ಲಿ ಕೊಂಡ ಎರಡು ಟನ್ನಿನ ಕಾರಿಗೂ ಅದಕ್ಕೂ ಹೋಲಿಕೆ ಸಲ್ಲದು.

ಈಗ ನನ್ನ ಶಿಷ್ಯನ ಪೆಡಲಿನ ವಿಷಯಕ್ಕೆ ಬರೋಣ. ಬ್ರೇಕು ಎರಡು ಬಗೆಯಾಗಿ ಕೈಕೊಡುತ್ತದೆ. ಪೆಡಲು ಗಟ್ಟಿಯಾಗಿಯೇ ಇದ್ದು, ಎಷ್ಟು ತುಳಿದರೂ ಗಾಡಿ ನಿಲ್ಲದಿದ್ದರೆ ದೋಷ ಪ್ಯಾಡಿನದು. ಊರಿನ ಓಡಾಟಕ್ಕೆಂದು ಮಾಡಿದ ಪ್ಯಾಡಿನಲ್ಲಿ ಅಂಟಿಗಾಗಿ ಬೆರೆಸಿದ ರಾಳ ಅತಿ ಬಿಸಿಗೆ ಆವಿಯಾಗಿ, ಪ್ಯಾಡಿಗೂ ಡಿಸ್ಕಿಗೂ ನಡುವೆ ಪದರದಂತೆ ನಿಂತು ಹಿಡಿತವನ್ನು ಕೆಡಿಸುತ್ತದೆ. ಪೆಡಲು ಮೆತ್ತಗಾಗಿ ತಳಕ್ಕೆ ಇಳಿದರೆ ದೋಷ ದ್ರವದ್ದು. ಮೆಕ್ಯಾನಿಕ್ಕುಗಳು ಇದನ್ನು ಬ್ರೇಕ್ ಆಯಿಲ್ ಎನ್ನುತ್ತಾರೆ; ಆದರೆ ಸಾಮಾನ್ಯವಾಗಿ ಬಳಸುವ ಈ ದ್ರವ ಎಣ್ಣೆಯಲ್ಲ. ಸೈಕಲ್ ಪಂಪಿನ ಬಾಯನ್ನು ಬೆರಳಿನಿಂದ ಮುಚ್ಚಿ ಒತ್ತಿ ನೋಡಿ. ಒಳಗಿನ ಗಾಳಿ ಕುಗ್ಗಿ ಹಿಡಿ ಒಳಕ್ಕಿಳಿಯುತ್ತದೆ. ಅದರಲ್ಲಿ ನೀರನ್ನು ತುಂಬಿ ಒತ್ತಿದರೆ ಕುಗ್ಗುವುದಿಲ್ಲ. ಕಾಲಿನ ಒತ್ತಡವು ಚಕ್ರಕ್ಕೆ ತಲಪುವುದು ದ್ರವವು ಹೀಗೆ ಕುಗ್ಗದಿರುವುದರಿಂದಲೇ. ಡಿಸ್ಕಿನ ಕಾವು ಪ್ಯಾಡನ್ನು ದಾಟಿ ದ್ರವಕ್ಕೆ ತಗುಲಿ ಅದು ಕುದಿದರೆ, ಕೊಳವೆಯೊಳಗೆ ಆವಿ ಹುಟ್ಟುತ್ತದೆ. ಆಮೇಲೆ ನೀವು ಒತ್ತುವುದು ಬ್ರೇಕನ್ನಲ್ಲ, ಆವಿಯನ್ನು.

ಇನ್ನೊಂದು ಸಂಗತಿ. ಆಷಾಢದ ಗಾಳಿಗೆ ಭರಣಿಯ ಉಪ್ಪು ಹೇಗೆ ನೀರಾಡುತ್ತದೆಯೋ ಹಾಗೆಯೇ ಈ ದ್ರವವೂ ವರ್ಷಾಂತರದಲ್ಲಿ ತೇವವನ್ನು ಹೀರುತ್ತದೆ. ಡಾಟ್ 4 ಎಂಬ ದರ್ಜೆಯ ದ್ರವ ಹೊಸದಾಗಿದ್ದಾಗ 230 ಡಿಗ್ರಿಯವರೆಗಾದರೂ ಕುದಿಯಬಾರದೆಂದು ನಿಯಮ. ತೇವ ಸೇರಿದ ಮೇಲೆ 155 ಡಿಗ್ರಿ ತಡೆದರೂ ಸಾಕೆಂದು ಅದೇ ನಿಯಮ ಒಪ್ಪುತ್ತದೆ. ಶಿಷ್ಯನ ಕಾರಿನ ದ್ರವವನ್ನು ಕೊಂಡಂದಿನಿಂದ ಬದಲಾಯಿಸಿಯೇ ಇರಲಿಲ್ಲ. ಊರಿನಲ್ಲಿ ಬ್ರೇಕಿಗೆ ಕೆಲಸವೇ ಇಲ್ಲದಿದ್ದುದರಿಂದ ಅವನಿಗೆ ಅದರ ನೆನಪೂ ಬಂದಿರಲಿಲ್ಲ. ಮೋಟಾರು ಮಾಡಿದ ಉಪಕಾರವೇ ಅವನನ್ನು ಮರೆವಿಗೆ ದೂಡಿತ್ತು.

ಆದ್ದರಿಂದ ಬ್ರೇಕನ್ನು ಉತ್ತಮಪಡಿಸುವ ಕ್ರಮವನ್ನು ಕೆಳಗಿನಿಂದ ಆರಂಭಿಸಬೇಕು. ಮೊದಲು ದ್ರವ: 300 ಡಿಗ್ರಿಗೂ ಮೇಲೆ ಕುದಿಯುವ, ಪಂದ್ಯಕ್ಕೆಂದೇ ಮಾಡಿದ ದ್ರವವನ್ನು ತುಂಬಿಸಿ, ಕೊಳವೆಯ ಗಾಳಿಯನ್ನು ತೆಗೆಸಬೇಕು. ಎಲ್ಲಕ್ಕಿಂತ ಅಗ್ಗವಾದ ಕೆಲಸ ಇದು. ಪ್ರಾಣ ಉಳಿಸುವುದರಲ್ಲಿ ಎಲ್ಲಕ್ಕಿಂತ ಮುಂದು. ಎರಡನೆಯದು ಪ್ಯಾಡು: ಹೆಚ್ಚಿನ ಬಿಸಿಯನ್ನು ತಾಳುವ ಪ್ಯಾಡುಗಳುಂಟು, ಅವು ತಣ್ಣಗಿರುವಾಗ ಅಷ್ಟಾಗಿ ಹಿಡಿಯವು, ಕಿರುಗುಟ್ಟುವುದೂ ಉಂಟು, ಆದ್ದರಿಂದ ಊರಿಗೆ ಬೇರೆ, ಪಂದ್ಯಕ್ಕೆ ಬೇರೆ ಇಟ್ಟುಕೊಳ್ಳುವುದು ಲೇಸು. ಮೂರನೆಯದು ಗಾಳಿ: ಕಾರಿನ ಮುಂಭಾಗದಿಂದ ಡಿಸ್ಕಿಗೆ ತಂಗಾಳಿಯನ್ನು ಒಯ್ಯುವ ಕೊಳವೆ. ಡಿಸ್ಕನ್ನೂ ಅದನ್ನು ಅಮುಕುವ ಕ್ಯಾಲಿಪರನ್ನೂ ಬದಲಾಯಿಸುವುದು ಕೊನೆಗೆ. ಕಣ್ಣಿಗೆ ಹೊಡೆಯುವ ಕೆಂಪು ಬಣ್ಣದ ದೊಡ್ಡ ಕ್ಯಾಲಿಪರನ್ನು ಹಾಕಿಸಿ, ಒಳಗೆ ಹಳೆಯ ದ್ರವವನ್ನೇ ಬಿಟ್ಟವನು, ಹೊಸ ಬಾಗಿಲಿಗೆ ಹಳೆಯ ತುಕ್ಕು ಚಿಲಕವನ್ನು ಹಾಕಿದವನಂತೆ.

ಡಿಸ್ಕಿನ ಬೆಲೆ ತಿಳಿಯಬೇಕಾದರೆ ಚರಿತ್ರೆಯನ್ನು ನೋಡಬೇಕು. 1953ರಲ್ಲಿ ಫ್ರಾನ್ಸಿನ ಲ ಮಾನ್ ಊರಿನ 24 ಗಂಟೆಗಳ ಪಂದ್ಯವನ್ನು ಜಾಗ್ವಾರ್ ಸಿ-ಟೈಪ್ ಕಾರು ಗೆದ್ದಿತು. ಆಗ ಹೊಸದಾಗಿದ್ದ ಡಿಸ್ಕ್ ಬ್ರೇಕು ಅದಕ್ಕಿತ್ತು. ಎದುರಾಳಿಗಳಿಗಿಂತ ತಡವಾಗಿ ಬ್ರೇಕು ಒತ್ತಿಯೂ ತಿರುವನ್ನು ಸೇರಲು ಅದಕ್ಕೆ ಸಾಧ್ಯವಾಯಿತು. ಈ ಕಾಲದ ಹೊಸತು ಕಾರ್ಬನ್ ಸೆರಾಮಿಕ್ ಡಿಸ್ಕು. ಕಬ್ಬಿಣದಕ್ಕಿಂತ ಬಹಳ ಹಗುರ, ಕಬ್ಬಿಣ ತಾಳಲಾರದ ಬಿಸಿಯನ್ನೂ ತಾಳುತ್ತದೆ. ಬೆಲೆ ಮಾತ್ರ ಸಾಮಾನ್ಯರ ಕೈಗೆ ಎಟುಕದು. 2021ರ ಸೆಪ್ಟೆಂಬರಿನಲ್ಲಿ ಮಾಡೆಲ್ ಎಸ್ ಪ್ಲೇಡ್ ಕಾರು ನ್ಯೂರ್‌ಬುರ್ಗ್‌ರಿಂಗಿನ ಪೂರ್ಣ ಸುತ್ತನ್ನು 7 ನಿಮಿಷ 35 ಸೆಕೆಂಡಿನಲ್ಲಿ ಮುಗಿಸಿತ್ತು. ಕಾರ್ಬನ್ ಸೆರಾಮಿಕ್ ಬ್ರೇಕು, ಅದಕ್ಕೆ ತಕ್ಕ ಚಕ್ರ ಟೈರುಗಳು ಇವೆಲ್ಲ ಸೇರಿದ ಪಂದ್ಯದ ಸಜ್ಜಿನೊಡನೆ 2023ರಲ್ಲಿ ಅದೇ ಮಾದರಿಯ ಕಾರು 7 ನಿಮಿಷ 25 ಸೆಕೆಂಡಿನಲ್ಲಿ ಸುತ್ತು ಹಾಕಿತು. ಟೈರಿನ ಪಾಲನ್ನು ಕಳೆಯುವಂತಿಲ್ಲ. ಹಿಡಿತವಿಲ್ಲದ ಟೈರಿಗೆ ಎಂಥ ಬ್ರೇಕಾದರೂ ವ್ಯರ್ಥ. ಆದರೂ ಮತ್ತಷ್ಟು ಬೇಗ ಓಡಬೇಕೆಂದವರು ನಿಲ್ಲಿಸುವ ಸಾಧನದ ಕಡೆಗೆ ತಿರುಗಿದರೆಂಬುದನ್ನು ಗಮನಿಸಿ.

ಸಾಧನವೆಷ್ಟಿದ್ದರೂ ಸಾರಥಿಯ ವಿವೇಕಕ್ಕೆ ಬದಲಿಲ್ಲ. ಬಿರುಸಿನ ಒಂದೆರಡು ಸುತ್ತಾದ ಮೇಲೆ, ಬ್ರೇಕನ್ನು ಹೆಚ್ಚು ಮುಟ್ಟದೆ ಒಂದು ಸುತ್ತು ನಿಧಾನವಾಗಿ ಓಡಿಸಿ ಡಿಸ್ಕುಗಳನ್ನು ಆರಿಸಬೇಕು. ಕಾದ ಗಾಡಿಯನ್ನು ನಿಲ್ಲಿಸಿದ ಕೂಡಲೆ ಬ್ರೇಕನ್ನು ಬಿಗಿದಿಡಬಾರದು. ಮನೆಗೆ ಹೊರಡುವ ಮುನ್ನ ಪೆಡಲನ್ನು ಒತ್ತಿ ಅದರ ಗಟ್ಟಿತನವನ್ನು ಪರೀಕ್ಷಿಸಬೇಕು. ಪೆಡಲು ಮೆತ್ತಗಾಯಿತೆಂದು ಕಾಲಿಗೆ ಕಿಂಚಿತ್ ಅನುಮಾನ ಬಂದರೂ ಅಂದಿನ ಓಟ ಮುಗಿಯಿತೆಂದೇ ತಿಳಿಯಬೇಕು.

ಪಂದ್ಯದ ಹಾದಿಗೆ ಹೋಗುವವರು ನಮ್ಮಲ್ಲಿ ಎಷ್ಟು ಮಂದಿ, ಎಂದು ನೀವು ಕೇಳಬಹುದು. ಆದರೆ ವಿದ್ಯುತ್ ಕಾರುಗಳು ನಮ್ಮ ಬೀದಿಗಳಲ್ಲೂ ಓಡುತ್ತಿವೆ; ನಮ್ಮ ಮಕ್ಕಳು ದೇಶದೇಶಗಳಲ್ಲಿ ಅವನ್ನು ಕೊಳ್ಳುತ್ತಿದ್ದಾರೆ. ಎರಡು ಸೆಕೆಂಡಿನಲ್ಲಿ ಅಷ್ಟು ವೇಗ, ಮೂರು ಸೆಕೆಂಡಿನಲ್ಲಿ ಇಷ್ಟು ವೇಗ ಎಂದು ಅವರು ನಿಮ್ಮೊಡನೆ ಹೇಳಿಕೊಂಡಾಗ ಸಂತೋಷದಿಂದ ಕೇಳಿ. ಕೇಳಿ ಮುಗಿದ ಮೇಲೆ, "ಬ್ರೇಕ್ ಆಯಿಲನ್ನು ಯಾವಾಗ ಬದಲಾಯಿಸಿದೆ?" ಎಂದೊಂದು ಮಾತು ವಿಚಾರಿಸಿ.

ಈಚೆಗೆ ನನ್ನ ಶಿಷ್ಯನ ಕಾಗದ ಬಂದಿದೆ. ದ್ರವವನ್ನೂ ಪ್ಯಾಡನ್ನೂ ಬದಲಾಯಿಸಿದ್ದಾನೆ, ಕ್ಯಾಲಿಪರು ಹಳೆಯದೇ. ಅಂದಿನ ಸಂಗತಿಯನ್ನು ಹೆಂಡತಿಗೂ ಹೇಳಿದನಂತೆ. ಆಕೆ ಬಯ್ಯಲಿಲ್ಲ, ಮುಂದಿನ ಸಲ ತಾನೂ ಜೊತೆಗೆ ಬಂದು ಹಾದಿಯ ಪಕ್ಕದಲ್ಲಿ ಕುಳಿತು ಸುತ್ತುಗಳನ್ನು ಎಣಿಸುವೆನೆಂದಳಂತೆ. ಋತುಪರ್ಣನು ಕಾಯಿಗಳನ್ನು ಎಣಿಸಿದಂತೆ ಆಕೆ ಸುತ್ತುಗಳನ್ನು ಎಣಿಸಲಿ. ಎಣಿಕೆ ಮುಗಿದಾಗ ಗಾಡಿ ಆಕೆಯ ಮುಂದೆ ಬಂದು ನಿಲ್ಲಲಿ.