ತೊಗಲಿನ ಪಾತ್ರೆಯೂ ತಂಗಡಿಯ ಪೊದೆಯೂ



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂದೊಡನೆ ರೇಷ್ಮೆ, ಮರದ ಬೊಂಬೆ ಮತ್ತು ಕಲ್ಲುಬೆಟ್ಟಗಳು ನೆನಪಾಗುತ್ತವೆ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ಒಗ್ಗೂಡಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ಈ ಸೀಮೆಯಲ್ಲಿ ತೊಗಲಿನ ವಿದ್ಯೆಯೂ ಒಂದಿತ್ತು. ಅದನ್ನು ವಿದ್ಯೆಯೆಂದು ಕರೆದವರು ಮಾತ್ರ ವಿರಳ.

ಬಾವಿ ಬೇಸಾಯದ ಕಾಲದಲ್ಲಿ ನೀರೆತ್ತುತ್ತಿದ್ದುದು ಕಪಿಲೆ. ಎತ್ತುಗಳು ಇಳಿಜಾರಿನಲ್ಲಿ ಮಿಣಿಯನ್ನೆಳೆದು ಸಾಗಿದರೆ ತೊಗಲಿನ ಚೀಲ ತುಂಬಿ ಮೇಲೇರುತ್ತಿತ್ತು. ಚೀಲದ ತಳದಲ್ಲಿ ಸೊಂಡಿಲಿನಂಥ ಕೊಳವೆ; ದಂಡೆ ಮುಟ್ಟಿದೊಡನೆ ಅದು ತಾನಾಗಿ ನೀರು ಸುರಿಯುತ್ತಿತ್ತು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕಪಿಲೆಯನ್ನು ತನ್ನ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾನೆ.

ದಪ್ಪ ತೊಗಲು ದುಂಡನೆಯ ರೂಪ ತಾಳುವುದು ಹೇಗೆ? ಅದರಲ್ಲಿ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಎಲ್ಲ ದಿಕ್ಕಿಗೂ ಹೆಣೆದುಕೊಂಡಿವೆ. ಬಟ್ಟೆಯಂತೆ ಹಾಸು, ಹೊಕ್ಕು ಎಂಬ ಎರಡೇ ದಿಕ್ಕಲ್ಲ. ನೆನೆದಾಗ ಎಳೆಗಳು ಒಂದರ ಮೇಲೊಂದು ಜಾರುತ್ತವೆ. ಆಗ ಕತ್ತರಿಸದೆ, ಹೊಲಿಯದೆ, ಅಚ್ಚಿನ ಮೇಲೆ ನಿಧಾನವಾಗಿ ಹಿಗ್ಗಿಸಿ ಬಟ್ಟಲಿನ ಉಬ್ಬು ಕೊಡಬಹುದು. ನೀರು ಆರಿದಂತೆ ಎಳೆಗಳು ಬಿಗಿದು ಅದೇ ರೂಪದಲ್ಲಿ ನಿಲ್ಲುತ್ತವೆ. ಅವಸರ ಸಲ್ಲದು: ನೆನೆದ ಹಸಿ ತೊಗಲು ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಮುದುಡುತ್ತದೆ.

ಎಣ್ಣೆ, ತುಪ್ಪ ತುಂಬುವ ತೊಗಲಿನ ಪಾತ್ರೆಗೆ ಕನ್ನಡದಲ್ಲಿ ಸಿದ್ದೆ, ಸಿದ್ದಿಗೆ ಎಂಬ ಹೆಸರುಗಳಿವೆ. ಹೊಲಿಗೆಯಿಲ್ಲದ ಪಾತ್ರೆಯ ಕ್ರಮವನ್ನು ಬಿಕಾನೇರಿನ ಉಸ್ತಾ ಕಲೆಯ ಕುಪ್ಪಿಗಳಲ್ಲಿ ಕಾಣಬಹುದು. ಮಣ್ಣಿನ ಅಚ್ಚಿಗೆ ಒದ್ದೆ ಒಂಟೆತೊಗಲನ್ನು ಹೊದಿಸಿ, ಒಣಗಿದ ಬಳಿಕ ಮಣ್ಣನ್ನು ಹೊರತೆಗೆಯುತ್ತಾರೆ. ಎಣ್ಣೆಗೆ ಹದಮಾಡದ ತೊಗಲೂ ಸಾಕು. ನೀರಿಗಾದರೆ ಅದು ಮತ್ತೆ ಮೆತ್ತಗಾಗಿ ಕೊಳೆಯುತ್ತದೆ. ಆದುದರಿಂದ ಟ್ಯಾನಿನ್ ಬೇಕು.

ಆ ಟ್ಯಾನಿನ್ ಕೊಟ್ಟದ್ದು ಬಯಲಿನ ತಂಗಡಿಯ ಚಕ್ಕೆ ಮತ್ತು ಕಾಡಿನ ಅಳಲೆಕಾಯಿ. ಮಲೆನಾಡಿನವರಿಗೂ ಈ ಮಾತು ಸಂಬಂಧಿಸುವುದು ಇಲ್ಲಿಯೇ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದ ಕ್ರೋಮ್ ಹದ ವಾರಗಳ, ತಿಂಗಳುಗಳ ಕೆಲಸವನ್ನು ದಿನಗಳಿಗೆ ಇಳಿಸಿತು. ಆದರೆ ಕ್ರೋಮ್ ತೊಗಲು ಒದ್ದೆಯಲ್ಲಿ ಪಡೆದ ರೂಪವನ್ನು ಚೆನ್ನಾಗಿ ಹಿಡಿದಿಡದು. ಚರ್ಮ ಕಾರ್ಖಾನೆಗಳ ತ್ಯಾಜ್ಯ ನೀರು ಪಾಲಾರ್ ಸೀಮೆಯನ್ನು ಕೆಡಿಸಿದ ಬಗೆ 1996ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ. ಚಕ್ಕೆಯ ಹದವೂ ನಿರ್ದೋಷಿಯಲ್ಲ. ಅದರ ಕೊಳೆನೀರು ಹೊಳೆ ಸೇರಿದರೆ ನೀರಿನ ಆಮ್ಲಜನಕ ಕುಸಿದು ಮೀನು ಸಾಯುತ್ತದೆ. ಸಂಸ್ಕರಣೆ ಎರಡಕ್ಕೂ ಅಗತ್ಯ.

ಪಂಪ್‌ಸೆಟ್ ಬಂದ ಮೇಲೆ ಕಪಿಲೆ ಮರೆಯಾಯಿತು. ಎತ್ತು ದಣಿದಾಗ ಬಾವಿಗೂ ದೊರೆಯುತ್ತಿದ್ದ ಬಿಡುವು ಅದರೊಂದಿಗೇ ಹೋಯಿತು. ಕೊಳವೆಬಾವಿ ಆಳಕ್ಕಿಳಿಯಿತು, ತೆರೆದ ಬಾವಿ ಬತ್ತಿತು. ಇಷ್ಟನ್ನು ಹೇಳಿ ಹಳೆಯ ಕಾಲವನ್ನು ಹೊಗಳುವುದು ಸುಲಭ. ಆದರೆ ನೀರೆತ್ತುವ ತೊಗಲಿನ ಕೆಲಸ ಮಾದಿಗ ಸಮುದಾಯದ ಪಾಲಿಗಿತ್ತು. ಅದೇ ಸಮುದಾಯಕ್ಕೆ ಸವರ್ಣೀಯರ ಬಾವಿಯನ್ನು ಮುಟ್ಟುವ ಅವಕಾಶವಿರಲಿಲ್ಲ. ಆ ಕಸುಬಿನಿಂದ ಮಕ್ಕಳನ್ನು ಬಿಡಿಸಿ ಶಾಲೆಗೆ ಕಳುಹಿಸಿದ ತಾಯ್ತಂದೆಯರದು ಸರಿಯಾದ ನಿರ್ಧಾರ. ಪಾರಂಪರಿಕ ಜ್ಞಾನದ ಹೆಸರಿನಲ್ಲಿ ಅವರನ್ನು ಮರಳಿ ಅಲ್ಲಿಗೇ ಕರೆಯುವ ಹಕ್ಕು ಪರಿಸರವಾದಿಗಳಿಗಿಲ್ಲ.

ಆಗಬೇಕಾದುದು ಬೇರೆ. ಈ ವಿದ್ಯೆ ತರಬೇತಿ ಸಂಸ್ಥೆಗಳ ಪಾಠವಾಗಲಿ. ಎಲ್ಲ ಜಾತಿಯವರೂ ಕಲಿಯಲಿ. ಕಲಿಸುವ ಹಿರಿಯರಿಗೆ ಶಿಕ್ಷಕರ ಗೌರವವೂ ಸಂಬಳವೂ ಸಲ್ಲಲಿ. ಬೀಳು ಎಂದು ಬರೆದು ಕೊರೆದು ಹಾಕುವ ಕುರುಚಲು ಭೂಮಿಯಲ್ಲಿ ತಂಗಡಿಯನ್ನು ಲೆಕ್ಕಕ್ಕೆ ಹಿಡಿಯಲಿ. ಪೊದೆಯನ್ನು ಉಳಿಸುವ ಮಾತಿನಲ್ಲಿ, ಅದರ ಚಕ್ಕೆಯ ಗುಣವರಿತ ಜನರ ಮಾತೂ ಸೇರಬೇಕು.