ಓದುಗನು ನಿಂತ ಚೌಕಟ್ಟು



ರಾಜಕೀಯವನ್ನು ಮುಟ್ಟಿದ ಕೃತಿಯೊಂದು ಓದುಗರನ್ನು ಎರಡು ಪಕ್ಷವಾಗಿ ಒಡೆಯಿತೆಂದರೆ ಅದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಹಾಗೆ ಒಡೆಯದಿದ್ದರೇ ಆಶ್ಚರ್ಯ. ಆದರೆ ಮಾರ್ಜಾನ್ ಸತ್ರಾಪಿಯವರ ‘ಪರ್ಸೆಪೊಲಿಸ್’ ಎಂಬ ಕಪ್ಪು ಬಿಳುಪಿನ ಚಿತ್ರಕಾದಂಬರಿಯ ವಿಷಯದಲ್ಲಿ ನಡೆದುದು ಅಂಥ ಸರಳವಾದ ಒಡಕಲ್ಲ. ಟೆಹರಾನಿನ ಅಧಿಕಾರಿಗಳು ಒಂದು ಕಾರಣಕ್ಕೆ ಮುನಿದರು. ಷಿಕಾಗೋ ನಗರದ ಶಾಲಾ ಆಡಳಿತದವರು ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಕಾರಣಕ್ಕೆ ಅದನ್ನು ತರಗತಿಯಿಂದ ತೆಗೆದರು. ಟ್ಯುನೀಸಿಯದಲ್ಲಿ ಅದರ ಚಲನಚಿತ್ರರೂಪವನ್ನು ಕಂಡು ಬೀದಿಗಿಳಿದವರ ಕಾರಣವು ಈ ಎರಡರಿಂದಲೂ ಬೇರೆ. ಇನ್ನು ದೇಶವನ್ನು ಬಿಟ್ಟು ಬಂದ ಇರಾನೀಯರಲ್ಲಿಯೇ ಕೆಲವರು ತಮ್ಮ ಕಳೆದುಹೋದ ಮನೆಯನ್ನು ಅದರಲ್ಲಿ ಕಂಡರೆ, ಮತ್ತೆ ಕೆಲವರು ಅದು ಯಾರದೋ ಮೇಲಂತಸ್ತಿನ ಮನೆಯೆಂದು ದೂರ ಸರಿದರು. ಒಂದೇ ಪುಸ್ತಕ ಇಷ್ಟು ಬಗೆಯ ವಿರೋಧಿಗಳನ್ನೂ ಇಷ್ಟು ಬಗೆಯ ಅಭಿಮಾನಿಗಳನ್ನೂ ಸಂಪಾದಿಸಿಕೊಂಡದ್ದು ಹೇಗೆ ಎಂಬ ಪ್ರಶ್ನೆಯನ್ನು ಈ ಎರಡು ದಿನಗಳ ವಿಚಾರಸಂಕಿರಣದ ಚರ್ಚೆಗೆ ಮುನ್ನುಡಿಯಾಗಿ ಎತ್ತಿಕೊಳ್ಳುವುದು ಉಚಿತವೆಂದು ನನಗೆ ತೋರುತ್ತದೆ.

ಗ್ರಂಥದ ಇತಿಹಾಸವನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇನೆ. ಸತ್ರಾಪಿಯವರು 1969ರಲ್ಲಿ ರಷ್ತ್ ನಗರದಲ್ಲಿ ಹುಟ್ಟಿ ಟೆಹರಾನಿನಲ್ಲಿ ಬೆಳೆದವರು. 1979ರ ಕ್ರಾಂತಿಯನ್ನೂ ಅದರ ಬೆನ್ನಿಗೇ ಬಂದ ಇರಾಕಿನೊಡನೆಯ ಯುದ್ಧದ ಮೊದಲ ವರ್ಷಗಳನ್ನೂ ಬಾಲಕಿಯಾಗಿ ಕಂಡು, ಹದಿನಾಲ್ಕನೆಯ ವಯಸ್ಸಿನಲ್ಲಿ ತಂದೆತಾಯಿಗಳನ್ನು ಅಗಲಿ ವಿಯೆನ್ನಾಕ್ಕೆ ಹೋಗಿ, ಮರಳಿ ಬಂದು, 1994ರಲ್ಲಿ ಫ್ರಾನ್ಸನ್ನು ಸೇರಿದವರು. ಚಿತ್ರಕಾರರೇ ಕೂಡಿ ಪ್ಯಾರಿಸಿನಲ್ಲಿ ಕಟ್ಟಿಕೊಂಡಿದ್ದ ಒಂದು ಪ್ರಕಾಶನಸಂಸ್ಥೆಯಿಂದ 2000ದಿಂದ 2003ರವರೆಗೆ ನಾಲ್ಕು ಸಂಪುಟಗಳಾಗಿ, ಫ್ರೆಂಚ್ ಭಾಷೆಯಲ್ಲಿ ಈ ಆತ್ಮಕಥನ ಹೊರಬಂದಿತು. ಅದನ್ನು ಆಧರಿಸಿ ಅವರೂ ವ್ಯಾನ್ಸಾಂ ಪಾರೊನೊ ಎಂಬವರೂ ಕೂಡಿ ನಿರ್ದೇಶಿಸಿದ ಚಲನಚಿತ್ರಕ್ಕೆ 2007ರಲ್ಲಿ ಕಾನ್ ಉತ್ಸವದಲ್ಲಿ ತೀರ್ಪುಗಾರರ ಪ್ರಶಸ್ತಿ ದೊರೆಯಿತು. ಅದೇ ವರ್ಷ ಇರಾನಿನ ಚಲನಚಿತ್ರ ಪ್ರತಿಷ್ಠಾನವೊಂದು ತನ್ನ ದೇಶದ ಕ್ರಾಂತಿಯನ್ನು ವಿಕೃತವಾಗಿ ತೋರಿಸಲಾಗಿದೆಯೆಂದು ಫ್ರೆಂಚ್ ರಾಯಭಾರ ಕಚೇರಿಗೆ ಪ್ರತಿಭಟನೆಯ ಪತ್ರವನ್ನು ಬರೆಯಿತು; ಬ್ಯಾಂಕಾಕಿನ ಚಿತ್ರೋತ್ಸವದಿಂದ ಚಿತ್ರವನ್ನು ಹಿಂತೆಗೆಯಲಾಯಿತು. ಸರ್ಕಾರಗಳ ಮುನಿಸಿನಲ್ಲಿ ಸಾಹಿತ್ಯವಿಮರ್ಶಕನಿಗೆ ದೊರೆಯತಕ್ಕದ್ದು ಅಷ್ಟಿಲ್ಲವಾದಕಾರಣ ಅದನ್ನು ಅಲ್ಲಿಗೆ ಬಿಡುತ್ತೇನೆ.

ಸಾಮಾನ್ಯ ಓದುಗನ ಮುನಿಸಿನ ವಿಷಯ ಹಾಗಲ್ಲ. ಅದೂ ಒಂದು ಬಗೆಯ ಓದೇ ಆಗಿರುತ್ತದೆ. ಗದ್ಯದ ಕಾದಂಬರಿಯಲ್ಲಿ ಕಣ್ಣು ವಾಕ್ಯದ ಬೆನ್ನು ಹಿಡಿದು ಓಡುತ್ತದೆ. ಬೇಡವಾದುದನ್ನು ಸರಸರನೆ ದಾಟಿಹೋಗಲು ಅಲ್ಲಿ ಅವಕಾಶವುಂಟು. ಚಿತ್ರದ ಎದುರಿನಲ್ಲಾದರೋ ಕಣ್ಣು ನಿಂತುಬಿಡುತ್ತದೆ. ಹಾಗೆ ನಿಂತ ಒಂದು ಚೌಕಟ್ಟು ಓದುಗನ ನಂಬಿಕೆಗೋ ಭಯಕ್ಕೋ ತಾಗಿತೆಂದರೆ ಮಿಕ್ಕ ಪುಸ್ತಕವೆಲ್ಲ ಅದರ ಹಿಂದೆ ಮರೆಯಾಗುತ್ತದೆ. ‘ಪರ್ಸೆಪೊಲಿಸ್’ ಕುರಿತ ವಾಗ್ವಾದಗಳನ್ನು ಬಿಡಿಸುತ್ತ ಹೋದರೆ ಬಹುಪಾಲು ವಿವಾದಗಳ ಬುಡದಲ್ಲಿ ಇಂಥ ಒಂದೊಂದೇ ಚೌಕಟ್ಟು ಸಿಕ್ಕುತ್ತದೆಂಬುದು ನನ್ನ ಅನುಭವ. ಆದಕಾರಣ ಈ ಪುಸ್ತಕ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗಿಂತ ಮೊದಲು, ಈ ಓದುಗನು ಯಾವ ಚೌಕಟ್ಟಿನಲ್ಲಿ ನಿಂತನು, ಅಲ್ಲಿಯೇ ಏತಕ್ಕೆ ನಿಂತನು ಎಂಬುದನ್ನು ಕೇಳತಕ್ಕದ್ದು ವಿಮರ್ಶಕನ ಕೆಲಸವೆಂದು ನಾನು ಭಾವಿಸುತ್ತೇನೆ.

ಷಿಕಾಗೋದ ಪ್ರಕರಣವನ್ನೇ ತೆಗೆದುಕೊಳ್ಳಬಹುದು. 2013ರ ಮಾರ್ಚಿನಲ್ಲಿ ಅಲ್ಲಿಯ ಸಾರ್ವಜನಿಕ ಶಾಲೆಗಳ ಏಳನೆಯ ತರಗತಿಯಿಂದ ಈ ಪುಸ್ತಕವನ್ನು ತೆಗೆಯಬೇಕೆಂದು ಆಜ್ಞೆಯಾಯಿತು. ವಿದ್ಯಾರ್ಥಿಗಳೂ ಅಧ್ಯಾಪಕರೂ ಪ್ರತಿಭಟಿಸಿದರು. ಗ್ರಂಥಾಲಯಗಳಲ್ಲಿ ಅದು ಉಳಿಯಬಹುದೆಂಬ ಸ್ಪಷ್ಟನೆ ಆಮೇಲೆ ಬಂತು. ಮರುವರ್ಷ, ಎಂದರೆ 2014ರಲ್ಲಿ, ಅಮೆರಿಕದ ಗ್ರಂಥಾಲಯ ಸಂಘದವರು ಸಿದ್ಧಪಡಿಸಿದ ಆಕ್ಷೇಪಿತ ಪುಸ್ತಕಗಳ ಪಟ್ಟಿಯಲ್ಲಿ ಇದಕ್ಕೆ ಎರಡನೆಯ ಸ್ಥಾನ. ಷಿಕಾಗೋದ ಆಕ್ಷೇಪವಿದ್ದುದು ಚಿತ್ರಹಿಂಸೆಯ ಚಿತ್ರಗಳ ಮೇಲೆ. ಕ್ರಾಂತಿಗೆ ಮುಂಚೆ ಇರಾನನ್ನು ಆಳುತ್ತಿದ್ದ ಷಾ ದೊರೆಯ ಸೆರೆಮನೆಯಿಂದ ಬಿಡುಗಡೆಯಾಗಿ ಬಂದ ಇಬ್ಬರು ಸ್ನೇಹಿತರು ಮನೆಯ ಬೈಠಕ್ಕಿನಲ್ಲಿ ಕುಳಿತು ತಮ್ಮ ಸಂಗಾತಿಗಳಿಗೆ ಒದಗಿದ ಗತಿಯನ್ನು ವರ್ಣಿಸುತ್ತಿರುವಾಗ, ಅಲ್ಲಿಂದ ಆಚೆಗೆ ಹೋಗೆಂದು ಹೇಳಲು ಯಾರಿಗೂ ತೋಚದಿದ್ದ ಕಥಾನಾಯಕಿ ಮಾರ್ಜಿ ಎಂಬ ಹುಡುಗಿ ಅದೆಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ. ಒಬ್ಬನನ್ನು ತುಂಡುತುಂಡಾಗಿ ಕತ್ತರಿಸಿದರೆಂಬ ಮಾತು ಬಂದಾಗ ಎದುರಿನ ಚೌಕಟ್ಟಿನಲ್ಲಿ ನಾವು ಕಾಣುವುದೇನು? ಕೈ, ಕಾಲು, ತಲೆ, ಮುಂಡ ಎಲ್ಲವೂ ಕೀಲು ಕಳಚಿದ ಬೊಂಬೆಯಂತೆ ಒಪ್ಪವಾಗಿ ಬೇರೆಬೇರೆಯಾಗಿ ಮಲಗಿವೆ. ರಕ್ತವಿಲ್ಲ, ಒಳಗೆ ಏನೂ ಇಲ್ಲ, ಕೇವಲ ಟೊಳ್ಳು. ಮನುಷ್ಯನ ದೇಹವನ್ನು ಕತ್ತರಿಸಿದರೆ ಹೇಗಿರುತ್ತದೆಂಬುದು ಹತ್ತು ವರ್ಷದ ಮಗುವಿಗೆ ತಿಳಿಯದು. ಅದಕ್ಕೆ ಗೊತ್ತಿರುವುದು ಬೊಂಬೆ. ಲೇಖಕಿ ಚಿತ್ರಿಸಿರುವುದು ಹಿಂಸೆಯನ್ನಲ್ಲ, ಮಗುವಿನ ತಲೆಯಲ್ಲಿ ಹಿಂಸೆಯ ಸುದ್ದಿ ತಳೆದ ಆಕಾರವನ್ನು. ಇದನ್ನು ಕಂಡವರಿಗೆ ಆ ಪುಟ ಕೃತಿಯ ಅತ್ಯಂತ ಸಂಯಮದ ಪುಟವೆನಿಸುತ್ತದೆ. ಆದರೂ ಹನ್ನೆರಡು ವರ್ಷದ ಮಗುವಿನ ತಾಯಿಯೊಬ್ಬಳು ಆ ಬೊಂಬೆಯನ್ನು ಕಂಡು ಹೌಹಾರಿದರೆ ಅವಳನ್ನು ರಸಹೀನೆಯೆಂದು ಜರೆಯಲು ನಾನು ಸಿದ್ಧನಿಲ್ಲ. ಲೇಖಕಿಯ ಉದ್ದೇಶವೂ ನಮ್ಮನ್ನು ಹೌಹಾರಿಸುವುದೇ ಆಗಿತ್ತಲ್ಲವೆ?

ಟ್ಯುನೀಸಿಯದ ಕಥೆ ಇನ್ನೂ ಕಠಿನವಾದದ್ದು. ಅಲ್ಲಿಯ ಸರ್ವಾಧಿಕಾರಿಯ ಪತನವಾದ ವರ್ಷವೇ, 2011ರ ಅಕ್ಟೋಬರಿನಲ್ಲಿ, ಸಂವಿಧಾನಸಭೆಯ ಚುನಾವಣೆಗೆ ಎರಡು ವಾರಗಳಷ್ಟೇ ಉಳಿದಿರುವಾಗ, ನೆಸ್ಮಾ ಎಂಬ ಖಾಸಗಿ ದೂರದರ್ಶನ ವಾಹಿನಿ ಈ ಚಲನಚಿತ್ರವನ್ನು ಸ್ಥಳೀಯ ಆಡುಮಾತಿಗೆ ಅಳವಡಿಸಿ ಬಿತ್ತರಿಸಿತು. ಬಾಲಕಿಯ ಕಲ್ಪನೆಯಲ್ಲಿ ದೇವರು ಬಿಳಿಗಡ್ಡದ ವೃದ್ಧನಾಗಿ ಕಾಣಿಸಿಕೊಂಡು ಮಾತನಾಡುವ ದೃಶ್ಯ ಅದರಲ್ಲಿದೆ. ದೇವರಿಗೆ ರೂಪ ಕೊಡುವುದೇ ಅಪಚಾರವೆಂದು ನಂಬುವ ಸಮಾಜದಲ್ಲಿ ಅದು ಏನಾಗಬೇಕೋ ಅದಾಯಿತು: ವಾಹಿನಿಯ ಕಚೇರಿಗೆ ಜನ ನುಗ್ಗಲು ಹೊರಟರು, ಅದರ ಒಡೆಯರ ಮನೆಯ ಮೇಲೆ ದಾಳಿ ನಡೆಯಿತು, ಮರುವರ್ಷ ನ್ಯಾಯಾಲಯ ಅವರಿಗೆ 2,400 ದಿನಾರ್ ದಂಡವನ್ನು ವಿಧಿಸಿತು. ಮನೆಗಳಿಗೆ ಬೆಂಕಿ ಹಚ್ಚಹೊರಟವರನ್ನು ಸಮರ್ಥಿಸುವ ಪ್ರಶ್ನೆಯೇ ಇಲ್ಲ. ಆದರೆ ಪುಸ್ತಕದಲ್ಲಿ ಆ ದೇವರ ಪಕ್ಕದಲ್ಲಿಯೇ ಬರುವ ಇನ್ನೊಂದು ಮುಖವನ್ನು ನೆನೆಯಿರಿ: ಕಾರ್ಲ್ ಮಾರ್ಕ್ಸ್ ದೇವರನ್ನೇ ಹೋಲುತ್ತಾನೆ, ಅವನ ಕೂದಲು ತುಸು ಹೆಚ್ಚು ಗುಂಗುರು ಎಂಬುದಷ್ಟೇ ಭೇದ ಎಂದು ಹುಡುಗಿ ಗಮನಿಸುತ್ತಾಳೆ. ಆಸ್ತಿಕನನ್ನು ನೋಯಿಸಿದ ಆ ರೇಖೆ ನಾಸ್ತಿಕ ಕ್ರಾಂತಿಕಾರಿಯನ್ನೂ ಅಷ್ಟೇ ಚುಚ್ಚಬೇಕಾಗಿತ್ತು. ಏತಕ್ಕೆಂದರೆ ಅವನ ಗುರುವಿಗೂ ಇಲ್ಲಿ ಆಟದ ದೇವರ ಪದವಿಯೇ ದೊರೆತಿದೆ. ಈ ಎರಡನೆಯ ಚುಚ್ಚು ಯಾರಿಗೂ ತಾಗಲಿಲ್ಲವೆಂಬುದು ನನಗೆ ಕುತೂಹಲದ ಸಂಗತಿಯಾಗಿದೆ.

ಕಪ್ಪು ಬಿಳುಪಿನ ವಿಷಯವಾಗಿ ಒಂದು ಮಾತು. ಸತ್ರಾಪಿಯವರ ಪುಟದಲ್ಲಿ ಬೂದುಬಣ್ಣವೆಂಬುದಿಲ್ಲ. ನೆರಳಿನ ಗೀಟುಗಳಿಲ್ಲ, ದೂರ ಸಮೀಪಗಳ ಭ್ರಮೆಯೂ ಬಹುಮಟ್ಟಿಗೆ ಇಲ್ಲ. ಇಂಥ ಚಿತ್ರವುಳ್ಳ ಪುಸ್ತಕ ಲೋಕವನ್ನೂ ಕಪ್ಪು ಬಿಳುಪಾಗಿಯೇ ಕಂಡಿತೆಂದು ಆಕ್ಷೇಪಿಸುವವರುಂಟು. ಈ ಮಾತಿನಲ್ಲಿ ಚಮತ್ಕಾರವಿರುವಷ್ಟು ಸತ್ಯವಿಲ್ಲ. ಬಣ್ಣ ತೆಗೆದ ಮುಖದಿಂದ ಜನಾಂಗದ ಗುರುತೂ ಅರ್ಧ ಅಳಿಸಿಹೋಗುತ್ತದೆ. ಟೆಹರಾನನ್ನು ನಕಾಶೆಯಲ್ಲಿ ತೋರಿಸಲಾರದ ಓದುಗನೂ ಆ ಹುಡುಗಿಯ ದುಂಡುಮುಖದ ಒಳಹೊಕ್ಕು ಕುಳಿತುಕೊಳ್ಳುತ್ತಾನೆ. ಆದರೆ ಹಾಗೆ ಸುಲಭವಾಗಿ ಒಳಹೊಕ್ಕವನು, ತಾನು ಇರಾನನ್ನು ಅರಿತೆನೆಂಬ ಭ್ರಮೆಯನ್ನೂ ಅಷ್ಟೇ ಸುಲಭವಾಗಿ ಹೊತ್ತು ಹೊರಬರುತ್ತಾನೆ. ಇಂಗ್ಲಿಷ್ ಅನುವಾದದ ಮೊದಲ ಭಾಗ ಅಮೆರಿಕದಲ್ಲಿ ಪ್ರಕಟವಾದದ್ದು 2003ರಲ್ಲಿ; ಇರಾನನ್ನು ದುಷ್ಟಕೂಟದ ರಾಷ್ಟ್ರಗಳಲ್ಲಿ ಒಂದೆಂದು ಆ ದೇಶದ ಅಧ್ಯಕ್ಷರು ಕರೆದದ್ದು ಅದರ ಹಿಂದಿನ ವರ್ಷ. ಕೆಲವು ಮತಾಂಧರ ತಪ್ಪಿಗಾಗಿ ಒಂದಿಡೀ ಜನಾಂಗವನ್ನು ತೂಗಬಾರದೆಂದು ಲೇಖಕಿ ಮುನ್ನುಡಿಯಲ್ಲಿ ಬಿನ್ನವಿಸಿಕೊಂಡಿದ್ದರು. ಅದನ್ನು ಓದಿ ಯುದ್ಧಕ್ಕೆ ಹೇಸಿದವರೂ ಇದ್ದರು. ಈ ಹುಡುಗಿಯನ್ನು ರಕ್ಷಿಸುವುದಕ್ಕಾದರೂ ಅಲ್ಲಿಯ ಆಡಳಿತವನ್ನು ಕೆಡವಬೇಕೆಂದು ಎಣಿಸಿದವರೂ ಇದ್ದರು.

ಇಲ್ಲಿಗೆ ನಾನು ಅತ್ಯಂತ ಗೌರವದಿಂದ ಕೇಳಬಯಸುವ ಆಕ್ಷೇಪಕ್ಕೆ ಬಂದೆನು. ಅದು ವಲಸೆ ಬಂದ ಇರಾನೀಯರಲ್ಲಿ ಕೆಲವರು ಎತ್ತಿದ್ದು. ಇದು ಇರಾನಿನ ಕಥೆಯಲ್ಲ. ಫ್ರೆಂಚ್ ಶಾಲೆ, ಮಾರ್ಕ್ಸನ ಪುಸ್ತಕ, ಮನೆಯಲ್ಲಿ ಪಾನಗೋಷ್ಠಿ, ರಾಜವಂಶದ ಮುತ್ತಜ್ಜ, ಇವೆಲ್ಲ ಉಳ್ಳ ಒಂದು ಕುಟುಂಬದ ಕಥೆ. ಕ್ರಾಂತಿಯನ್ನು ಹೃತ್ಪೂರ್ವಕವಾಗಿ ಸ್ವಾಗತಿಸಿದ ಬಡವನಿಗೂ ಧರ್ಮನಿಷ್ಠನಿಗೂ ಇದರಲ್ಲಿ ಮುಖವಿಲ್ಲ, ಇರುವುದು ಗಡ್ಡ ಮಾತ್ರ ಎಂಬುದು ಅದರ ಸಾರ. ಇದಕ್ಕೆ ಉತ್ತರವಾಗಿ ಅಭಿಮಾನಿಗಳು ಸಾಮಾನ್ಯವಾಗಿ, ಆತ್ಮಕಥೆ ಬರೆಯುವವಳು ತನ್ನ ಕಥೆಯನ್ನಲ್ಲದೆ ಇನ್ನಾರ ಕಥೆಯನ್ನು ಬರೆದಾಳು ಎನ್ನುತ್ತಾರೆ. ಉತ್ತರ ಸರಿಯೇ, ಆದರೆ ಸಾಲದು. ‘ಕೀಲಿಕೈ’ ಎಂಬ ಅಧ್ಯಾಯದ ಕೊನೆಯ ಪುಟವನ್ನು ತೆರೆಯಿರಿ. ಮನೆಗೆಲಸದ ನಸ್ರೀನ್ ಎಂಬಾಕೆಯ ಮಗನಿಗೆ ಶಾಲೆಯಲ್ಲಿ ಚಿನ್ನದ ಬಣ್ಣ ಬಳಿದ ಪ್ಲಾಸ್ಟಿಕ್ ಕೀಲಿಕೈಯೊಂದನ್ನು ಕೊಟ್ಟಿದ್ದಾರೆ; ಯುದ್ಧದಲ್ಲಿ ಮಡಿದರೆ ಸ್ವರ್ಗದ ಬಾಗಿಲನ್ನು ಅದು ತೆರೆಯುವುದಂತೆ. ಪುಟದ ಬಹುಭಾಗವನ್ನು ತುಂಬಿದ ಮೇಲಿನ ಚೌಕಟ್ಟಿನಲ್ಲಿ ಅಂಥ ಹುಡುಗರು, ಕೊರಳಲ್ಲಿ ಕೀಲಿಕೈ ನೇತಾಡುತ್ತಿರುವಂತೆಯೇ, ಸಿಡಿಮದ್ದಿನ ಮೇಲೆ ಕಾಲಿಟ್ಟು ಗಾಳಿಗೆ ಹಾರುತ್ತಿದ್ದಾರೆ. ಬರಿಯ ಕರಿಯ ಆಕೃತಿಗಳು, ಕಣ್ಣು ಮೂಗುಗಳಿಲ್ಲ. ಕೆಳಗಿನ ಚಿಕ್ಕ ಚೌಕಟ್ಟಿನಲ್ಲಿ ಅದೇ ಭಂಗಿಯಲ್ಲಿ ಕೈಕಾಲು ಚೆಲ್ಲಿ ಹಾರುತ್ತಿರುವವರು ಮಾರ್ಜಿಯೂ ಅವಳ ಗೆಳೆಯರೂ. ಅದು ಅವಳ ಮೊದಲ ಪಾರ್ಟಿ, ಕುಣಿತ. ತಾಯಿ ಅವಳಿಗಾಗಿ ತೂತುತೂತಾದ ಸ್ವೆಟರನ್ನು ಹೆಣೆದುಕೊಟ್ಟಿದ್ದಾಳೆ. ಕೊರಳಲ್ಲಿ ಸರಪಣಿಯೂ ಮೊಳೆಗಳೂ ಸೇರಿದ ಹಾರವಿದೆ. ಬಡವನ ಮಗನ ದೇಹದಲ್ಲಿ ಬಿದ್ದ ತೂತಿಗೂ ಉಳ್ಳವರ ಮಗಳ ಉಡುಪಿನ ತೂತಿಗೂ ನಡುವೆ ಇರುವುದು ಒಂದು ಗೆರೆಯ ಬಿಳಿಯ ಜಾಗವಷ್ಟೆ.

ಈ ಪುಟವನ್ನು ಎರಡು ಬಗೆಯಾಗಿ ಓದಬಹುದು; ಎರಡಕ್ಕೂ ಆಧಾರ ಅದರಲ್ಲಿಯೇ ಇದೆ. ಲೇಖಕಿ ತನ್ನ ವರ್ಗವನ್ನು ತಾನೇ ಆರೋಪಿಯ ಸ್ಥಾನದಲ್ಲಿ ನಿಲ್ಲಿಸಿದ್ದಾಳೆನ್ನಬಹುದು. ಇಲ್ಲವೆ, ಆರೋಪವನ್ನು ಮಾಡುವಾಗಲೂ ಮುಖಗಳನ್ನು ತನ್ನವರಿಗೆ ಉಳಿಸಿಕೊಂಡು ಬಡವರ ಮಕ್ಕಳಿಗೆ ನೆರಳನ್ನಷ್ಟೇ ಕೊಟ್ಟಿದ್ದಾಳೆನ್ನಬಹುದು. ನನಗೆ ಮೊದಲನೆಯದೇ ಹೆಚ್ಚು ನ್ಯಾಯವಾಗಿ ತೋರುತ್ತದೆ. ಕಾರಣ, ಪುಸ್ತಕದ ಆರಂಭದಲ್ಲಿಯೇ ಈ ಹುಡುಗಿ ತಾನು ಪ್ರವಾದಿಯಾಗಬೇಕೆಂದು ಬಯಸುವುದಕ್ಕೆ ಕೊಡುವ ಕಾರಣಗಳಲ್ಲಿ, ಕೆಲಸದವಳು ತಮ್ಮೊಡನೆ ಕುಳಿತು ಉಣ್ಣುವುದಿಲ್ಲವೆಂಬುದೂ ತಂದೆಯ ಬಳಿ ಕ್ಯಾಡಿಲಾಕ್ ಕಾರಿದೆಯೆಂಬುದೂ ಸೇರಿವೆ. ಮುಂದೆ ಮೆಹ್ರಿ ಎಂಬ ಕೆಲಸದ ಹುಡುಗಿ ನೆರೆಮನೆಯ ತರುಣನನ್ನು ಪ್ರೀತಿಸಿದಾಗ, ಓದುಬರಹ ಬಾರದ ಅವಳ ಪರವಾಗಿ ಓಲೆಗಳನ್ನು ಬರೆದುಕೊಟ್ಟವಳೂ ಈ ಮಗುವೇ. ಆಕೆ ತಮ್ಮ ಮನೆಯ ಮಗಳಲ್ಲ, ಕೆಲಸದವಳು ಎಂದು ಆ ತರುಣನಿಗೆ ತಿಳಿಸಿ ಆ ಪ್ರೇಮವನ್ನು ಮುಗಿಸಿದವನು ಸಮಾನತೆಗಾಗಿ ಮೆರವಣಿಗೆ ಹೋಗುತ್ತಿದ್ದ ತಂದೆ. ಆಕ್ಷೇಪಿಸುವವರು ತಮ್ಮ ವಾದಕ್ಕೆ ಬೇಕಾದ ಸಾಕ್ಷ್ಯವನ್ನು ಹೊರಗೆಲ್ಲಿಯೂ ಅರಸಬೇಕಾಗಿಲ್ಲ. ಪ್ರತಿವಾದಿಯೇ ಅದನ್ನು ಒದಗಿಸಿದ್ದಾಳೆ. ಆದರೂ ಹುಡುಗಿಯರ ಮುಸುಕನ್ನು ಸರಿಪಡಿಸುತ್ತ ಬೀದಿಯಲ್ಲಿ ನಿಂತ ಕಾವಲಿನ ಹೆಂಗಸರಿಗೂ ಮನೆಯೊಂದಿದ್ದೀತು, ಭಯವೊಂದಿದ್ದೀತು ಎಂಬ ಕಡೆಗೆ ಈ ಲೇಖನಿ ಅಷ್ಟಾಗಿ ತಿರುಗಲಿಲ್ಲವೆಂಬ ಮಾತನ್ನು ನಾನು ಅಲ್ಲಗಳೆಯಲಾರೆ.

ಕನ್ನಡ ನಾಡಿನಲ್ಲಿ ಕುಳಿತು ಇದನ್ನು ಓದುವ ನಾವೂ ಹೊರಗಿನವರಾಗಿ ಉಳಿದಿಲ್ಲ. ಪುಸ್ತಕದ ಮೊದಲ ಪುಟದಲ್ಲಿ, 1980ರಲ್ಲಿ, ಹತ್ತು ವರ್ಷದ ಹುಡುಗಿ ಕಡ್ಡಾಯವಾದ ಮುಸುಕನ್ನು ತೊಟ್ಟು ಮೋರೆ ಬಾಡಿಸಿಕೊಂಡು ಕುಳಿತಿದ್ದಾಳೆ. ಪಕ್ಕದ ಚೌಕಟ್ಟು ತರಗತಿಯ ಗುಂಪುಚಿತ್ರ, ಅದರ ಅಂಚಿನಲ್ಲಿ ಅವಳು ಕತ್ತರಿಸಿಹೋಗಿದ್ದಾಳೆ. ಅದೇ ಅಧ್ಯಾಯದಲ್ಲಿ, ಏತಕ್ಕೆಂದು ತಿಳಿಯದೆ ಕೊಟ್ಟ ಆ ಬಟ್ಟೆಯನ್ನು ಮಕ್ಕಳು ಶಾಲೆಯ ಅಂಗಳದಲ್ಲಿ ಹಗ್ಗ ಮಾಡಿಕೊಂಡು ಕುಪ್ಪಳಿಸುತ್ತಾರೆ, ಲಗಾಮು ಮಾಡಿಕೊಂಡು ಕುದುರೆಯಾಡುತ್ತಾರೆ. 2022ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಹೊರಡಿಸಿದ ಸಮವಸ್ತ್ರದ ಆಜ್ಞೆಯನ್ನೂ, ಅದನ್ನು ಎತ್ತಿಹಿಡಿದ ಉಚ್ಚ ನ್ಯಾಯಾಲಯದ ತೀರ್ಪನ್ನೂ, ಆ ವರ್ಷದ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಪರಸ್ಪರ ಭಿನ್ನವಾದ ತೀರ್ಪುಗಳನ್ನಿತ್ತುದನ್ನೂ ಕಂಡ ಓದುಗನು ಈ ಪುಟವನ್ನು ಪ್ಯಾರಿಸಿನವನಂತೆ ಓದಲಾರನು. ಅಲ್ಲಿ ತೊಡಲೇಬೇಕೆಂದ ಅಧಿಕಾರ, ಇಲ್ಲಿ ತರಗತಿಯೊಳಗೆ ಕೂಡದೆಂದ ಅಧಿಕಾರ. ಒಬ್ಬ ಓದುಗನು ಈ ಚಿತ್ರವನ್ನು ತೋರಿಸಿ ಮುಸುಕೇ ದಾಸ್ಯವೆನ್ನುತ್ತಾನೆ. ಇನ್ನೊಬ್ಬಳು ಅದೇ ಚಿತ್ರವನ್ನು ತೋರಿಸಿ, ಮಗುವಿನ ಮುಖವನ್ನು ಬಾಡಿಸಿದ್ದು ಬಟ್ಟೆಯಲ್ಲ, ಬಟ್ಟೆಯ ವಿಷಯದಲ್ಲಿ ಅವಳನ್ನು ಕೇಳದೆ ಹೊರಡಿಸಿದ ಆಜ್ಞೆ ಎನ್ನುತ್ತಾಳೆ. ನಾನು ಎರಡನೆಯವಳ ಪಕ್ಷದವನು. ಮೊದಲನೆಯವನೂ ಈ ಸಭೆಯಲ್ಲಿದ್ದು ತನ್ನ ವಾದವನ್ನು ಮಂಡಿಸಲೆಂದು ನಾನು ಬಯಸುತ್ತೇನೆ.

ಇನ್ನೊಂದೇ ಸಂಗತಿ, ಅದು ಮೊದಲನೆಯ ಗೋಷ್ಠಿಯ ವಿದ್ವಾಂಸರಿಗೆ. 1978ರ ಆಗಸ್ಟಿನಲ್ಲಿ ಅಬಾದಾನ್ ನಗರದ ರೆಕ್ಸ್ ಚಿತ್ರಮಂದಿರಕ್ಕೆ ಬಿದ್ದ ಬೆಂಕಿಯಲ್ಲಿ ನಾನೂರರಷ್ಟು ಜನ ಸತ್ತರು. ಪುಸ್ತಕದಲ್ಲಿ ಸತ್ತವರು ಜ್ವಾಲೆಯ ನಾಲಗೆಗಳಾಗಿ ಬಾಗಿಲಿನ ಕಡೆಗೆ ಹರಿಯುತ್ತಾರೆ. ಬೆಂಕಿಯಿಟ್ಟವರು ಷಾ ದೊರೆಯ ಕಡೆಯವರೇ ಎಂಬ ಆಗಿನ ಜನರ ನಂಬಿಕೆಯನ್ನು ನಿರೂಪಕಿ ಸಂಶಯವಿಲ್ಲದೆ ಹೇಳುತ್ತಾಳೆ. ಕ್ರಾಂತಿಯ ಅನಂತರದ ವಿಚಾರಣೆಯೂ ಇತಿಹಾಸಕಾರರ ಶೋಧನೆಯೂ ಬೆರಳನ್ನು ಧಾರ್ಮಿಕ ಉಗ್ರರ ಕಡೆಗೇ ಹೆಚ್ಚಾಗಿ ತೋರಿಸಿವೆ. ವಿವಾದ ಇನ್ನೂ ಸಂಪೂರ್ಣವಾಗಿ ತೀರಿಲ್ಲ. ಮಗು ಕೇಳಿದ್ದನ್ನು ಮಗು ಕೇಳಿದಂತೆಯೇ ಉಳಿಸಿದ ಪ್ರಾಮಾಣಿಕತೆ ಇದೆನ್ನೋಣವೆ, ಅಥವಾ ಮೂವತ್ತು ವರ್ಷದ ಲೇಖಕಿ ಸರಿಪಡಿಸಬೇಕಾಗಿದ್ದ ಪ್ರಮಾದವೆನ್ನೋಣವೆ? ಈ ಚೌಕಟ್ಟಿನಲ್ಲಿ ನಾನು ಹಲವು ಸಲ ನಿಂತು, ಒಂದೊಂದು ಸಲ ಒಂದೊಂದು ಕಡೆಗೆ ವಾಲಿದ್ದೇನೆ. ಗೋಷ್ಠಿಯು ಅದನ್ನೇ ಮೊದಲು ಎತ್ತಿಕೊಳ್ಳಬೇಕೆಂದು ಕೋರುತ್ತೇನೆ.